ಕೇಬಲ್ಲಿನೊಳಗಿನ ಚಿಪ್ಪು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಂದಿನಿಂದ ತಿಪಟೂರಿನ ನನ್ನ ಅಂಗಡಿಗೆ ಬರುವವರದು ಹೆಚ್ಚುಕಡಿಮೆ ಒಂದೇ ದೂರು: "ಸಾರ್, ಹನ್ನೊಂದು ಹಾಕಿಸಿದೆವು, ಅವತ್ತಿನಿಂದ ಯುಎಸ್‌ಬಿ ಕೆಲಸ ಮಾಡುತ್ತಿಲ್ಲ, ಒಂದು ಡ್ರೈವರ್ ಹಾಕಿಕೊಡಿ." ಡ್ರೈವರ್ ಎಂದರೆ ಸಾಧನದೊಡನೆ ಮಾತಾಡುವುದನ್ನು ವಿಂಡೋಸ್‌ಗೆ ಕಲಿಸುವ ಪುಟ್ಟ ತಂತ್ರಾಂಶ. ಹೀಗೆ ಹೇಳುವವರಲ್ಲಿ ಹಲವರು ಸಿಪಿಯು ಮಾತ್ರ ಹೊತ್ತು ತಂದಿರುತ್ತಾರೆ. ಕೆಲಸ ಮಾಡದಿರುವ ತಕ್ಕಡಿಯ ಕೇಬಲ್ಲೋ ಬೆರಳಚ್ಚಿನ ಸಾಧನವೋ ಊರಿನಲ್ಲೇ ಉಳಿದಿರುತ್ತದೆ. ರೋಗಿಯನ್ನು ಮನೆಯಲ್ಲಿ ಮಲಗಿಸಿ ಆತನ ಮಂಚವನ್ನು ಆಸ್ಪತ್ರೆಗೆ ತಂದಂತೆ ಇದು ಎಂದು ನಾನು ತಮಾಷೆ ಮಾಡುವುದುಂಟು. ಆದರೆ ಹತ್ತು ಹದಿನೈದು ಕಿಲೋಮೀಟರ್ ಬೈಕಿನ ಮೇಲೆ ಸಿಪಿಯು ಕಟ್ಟಿಕೊಂಡು ಬಂದವರಿಗೆ ಆ ತಮಾಷೆ ರುಚಿಸುವುದಿಲ್ಲ.

ಸಾಧನ ತಾರದಿರುವುದನ್ನಾದರೂ ಕ್ಷಮಿಸಬಹುದು. ನನ್ನ ತಾಳ್ಮೆಯನ್ನು ನಿಜಕ್ಕೂ ಕೆಡಿಸುವುದು ಅವರು ನನ್ನಲ್ಲಿಗೆ ಬರುವ ಮುನ್ನ ಮಾಡಿಕೊಂಡಿರುವ ಸ್ವಯಂಚಿಕಿತ್ಸೆ. ಕೇಬಲ್ಲಿನ ಮೇಲೆ ಅಚ್ಚಾಗಿರುವ ಮಾರ್ಕಿನ ಹೆಸರನ್ನು ಗೂಗಲ್‌ನಲ್ಲಿ ಬರೆದು, ಮೊದಲು ಕಂಡ ತಾಣದಲ್ಲಿ ದೊಡ್ಡ ಹಸಿರು ಗುಂಡಿಯನ್ನು ಒತ್ತಿ, ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹಾಕುವುದಾಗಿ ಹೇಳಿಕೊಳ್ಳುವ ಯಾವುದೋ ತಂತ್ರಾಂಶವನ್ನು ಇಳಿಸಿಕೊಂಡಿರುತ್ತಾರೆ. ಅದು ಕೆಟ್ಟಿದ್ದ ಒಂದನ್ನು ಸರಿಪಡಿಸದೆ, ಸರಿಯಿದ್ದ ಧ್ವನಿ ಮತ್ತು ವೈಫೈ ಡ್ರೈವರ್‌ಗಳನ್ನು ಬದಲಿಸಿ, ಕೊನೆಗೆ ವರ್ಷದ ಚಂದಾ ಕೇಳುತ್ತ ಕುಳಿತಿರುತ್ತದೆ.

ಆದ್ದರಿಂದ ಈ ಬಾರಿ ಒಂದೇ ಸಂಗತಿಯನ್ನು, ಓದುಗರಿಗೆ ಬೇಸರವಾದರೂ ಸರಿ, ಬಿಡಿಸಿ ಬಿಡಿಸಿ ಹೇಳುತ್ತೇನೆ. ಡ್ರೈವರ್ ಎಂಬುದು ಕೇಬಲ್ಲಿನ ಮೇಲಿನ ಹೆಸರಿಗೆ ಸೇರಿದ್ದಲ್ಲ, ಅದರೊಳಗಿನ ಚಿಪ್ಪಿಗೆ ಸೇರಿದ್ದು. ನಮ್ಮ ಊರಿನಲ್ಲಿ ಚಿಪ್ಪು ಎಂದರೆ ಮೊದಲು ನೆನಪಾಗುವುದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟ. ನಾನು ಹೇಳುತ್ತಿರುವುದು ಉಗುರಿನಷ್ಟೂ ದೊಡ್ಡದಲ್ಲದ ಕಪ್ಪು ಬಿಲ್ಲೆ. ಹಾಲಿನ ಡೇರಿಯ ತಕ್ಕಡಿ, ಮಂಡಿಯ ವೇಬ್ರಿಡ್ಜ್, ಹಳೆಯ ಬಾರ್‌ಕೋಡ್ ಯಂತ್ರ ಮುಂತಾದವುಗಳಲ್ಲಿ ಇರುವುದು ಒಂಬತ್ತು ಪಿನ್ನಿನ ಸೀರಿಯಲ್ ಕಿಂಡಿ, ಈಗಿನ ಕಂಪ್ಯೂಟರುಗಳಲ್ಲಿ ಇರುವುದು ಯುಎಸ್‌ಬಿ ಕಿಂಡಿ. ಎರಡರ ನಡುವೆ ಭಾಷಾಂತರ ಮಾಡುವ ಬಿಲ್ಲೆ ಕೇಬಲ್ಲಿನ ದಪ್ಪ ತುದಿಯೊಳಗೆ ಕುಳಿತಿರುತ್ತದೆ. ಇಂತಹ ಬಿಲ್ಲೆ ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ, ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ತಮ್ಮ ಹೆಸರು ಒತ್ತಿ ಮಾರುವವರು ಅಸಂಖ್ಯ. ಒಂದೇ ಮಾರ್ಕಿನ, ಒಂದೇ ಬಣ್ಣದ ಡಬ್ಬಿಯ ಎರಡು ಕೇಬಲ್ಲುಗಳನ್ನು ಬೇರೆ ಬೇರೆ ತಿಂಗಳಲ್ಲಿ ತರಿಸಿ, ಒಳಗೆ ಎರಡು ಬೇರೆ ಕಂಪನಿಗಳ ಚಿಪ್ಪು ಇರುವುದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಒಳಗಿರುವುದು ಯಾವುದೆಂದು ತಿಳಿಯಲು ಕೇಬಲ್ ಕತ್ತರಿಸಬೇಕೇ ಎಂದು ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ಬೇಕಿಲ್ಲ, ಅದು ತಾನಾಗಿಯೇ ಹೇಳುತ್ತದೆ. ಸಾಧನವನ್ನು ಕಿಂಡಿಗೆ ಚುಚ್ಚಿದ ಕ್ಷಣದಲ್ಲಿ ಕಂಪ್ಯೂಟರ್ "ನೀನು ಯಾರು?" ಎಂದು ವಿಚಾರಿಸುತ್ತದೆ, ಸಾಧನ ಎರಡು ಸಂಖ್ಯೆಗಳಲ್ಲಿ ಉತ್ತರಿಸುತ್ತದೆ. ಮೊದಲನೆಯದು ವಿಐಡಿ, ಅಂದರೆ ತಯಾರಕರ ಸಂಖ್ಯೆ. ಇದನ್ನು ಕೊಡುವುದು ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಎಂಬ ಸಂಸ್ಥೆ. ಎರಡನೆಯದು ಪಿಐಡಿ, ಇದು ತಯಾರಕರು ತಮ್ಮ ಆಯಾ ಮಾದರಿಗೆ ಕೊಟ್ಟುಕೊಂಡ ಸಂಖ್ಯೆ. ಮೊದಲನೆಯದನ್ನು ಮನೆತನದ ಹೆಸರೆಂದೂ ಎರಡನೆಯದನ್ನು ಸ್ವಂತ ಹೆಸರೆಂದೂ ತಿಳಿದುಕೊಂಡರೆ ತಪ್ಪಿಲ್ಲ. ಪ್ರತಿಯೊಂದರಲ್ಲೂ ನಾಲ್ಕು ಸ್ಥಾನಗಳಿದ್ದು, ಅಂಕಿಗಳ ಜೊತೆಗೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಬರಬಹುದು. ಯಾವ ಸಂಖ್ಯೆಗೆ ಯಾವ ಡ್ರೈವರ್ ಎಂಬುದು ಡ್ರೈವರ್ ಜೊತೆಗೆ ಬರುವ ಐಎನ್‌ಎಫ್ ಫೈಲಿನಲ್ಲಿ ಬರೆದಿರುತ್ತದೆ. ವಿಂಡೋಸ್ ಆ ಪಟ್ಟಿಯಲ್ಲಿ ಈ ಸಂಖ್ಯೆಯನ್ನು ಹುಡುಕುತ್ತದೆಯೇ ಹೊರತು, ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದು ಅದಕ್ಕೆ ಎಂದೂ ತಿಳಿಯುವುದಿಲ್ಲ.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಡಿವೈಸ್ ಮ್ಯಾನೇಜರ್ ಎಂಬ ಸಾಧನಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಹಳದಿ ಗುರುತು ಬಿದ್ದಿರುವ ಸಾಧನದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡ್ಸ್ ಎಂಬುದನ್ನು ಆರಿಸಿದರೆ ಆ ಎಂಟು ಸ್ಥಾನಗಳು ಕಣ್ಣಮುಂದಿರುತ್ತವೆ. 067ಬಿ ಮತ್ತು 2303 ಎಂದಿದ್ದರೆ ಅದು ಪ್ರೊಲಿಫಿಕ್ ಕಂಪನಿಯ ಪಿಎಲ್2303 ವಂಶದ್ದು. 0403 ಮತ್ತು 6001 ಎಂದರೆ ಎಫ್‌ಟಿಡಿಐ. 1ಎ86 ಮತ್ತು 7523 ಎಂದರೆ ಸಿಎಚ್340. 10ಸಿ4 ಮತ್ತು ಇಎ60 ಎಂದರೆ ಸಿಲಿಕಾನ್ ಲ್ಯಾಬ್ಸ್‌ನವರ ಸಿಪಿ210 ಸರಣಿ. ನನ್ನ ಮೇಜಿಗೆ ಬರುವ ತಕ್ಕಡಿ ಕೇಬಲ್ಲುಗಳ ಪೈಕಿ ಬಹುಪಾಲು ಈ ನಾಲ್ಕರಲ್ಲಿ ಒಂದಾಗಿರುತ್ತದೆ. ಸಂಖ್ಯೆ ತಿಳಿದ ಮೇಲೆ ಹೋಗಬೇಕಾದದ್ದು ಚಿಪ್ಪಿನ ತಯಾರಕರ ತಾಣಕ್ಕೆ ಮಾತ್ರ.

ಸಂಖ್ಯೆಯ ಜಾಗದಲ್ಲಿ 0000 ಮತ್ತು 0002 ಎಂದು ಕಂಡರೆ, ಮೇಲೆ "ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಎಂಬ ಸಾಲೂ ಕೋಡ್ 43 ಎಂಬ ದೋಷಸಂಖ್ಯೆಯೂ ಇದ್ದರೆ, ಡ್ರೈವರ್ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ಸಾಧನ ತನ್ನ ಹೆಸರನ್ನೇ ಹೇಳಲಾಗದ ಸ್ಥಿತಿಯಲ್ಲಿದೆ ಎಂದರ್ಥ, ಹೆಸರೇ ಗೊತ್ತಿಲ್ಲದಾಗ ಜಗತ್ತಿನ ಯಾವ ಡ್ರೈವರೂ ಅದಕ್ಕೆ ಹೊಂದುವುದಿಲ್ಲ. ಬೆರಳಚ್ಚಿನ ಸಾಧನಕ್ಕಾಗಿ ಎರಡು ರಾತ್ರಿ ಡ್ರೈವರ್ ಇಳಿಸುತ್ತ ನಿದ್ದೆಗೆಟ್ಟಿದ್ದ ಸೇವಾಕೇಂದ್ರದ ಹುಡುಗನೊಬ್ಬ ಅಳುಮುಖ ಮಾಡಿಕೊಂಡು ಬಂದಿದ್ದ. ನಡುವೆ ಇದ್ದ ಮೂರು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ಸಾಧನವನ್ನು ನೇರವಾಗಿ ಹಿಂಬದಿಯ ಕಿಂಡಿಗೆ ಚುಚ್ಚಿದೊಡನೆ ಅದು ಕೆಂಪು ದೀಪ ಹೊತ್ತಿಸಿಕೊಂಡು ಎದ್ದಿತು. ಹೊಸ ವಿಂಡೋಸ್ ಹಾಕುವಾಗ ಮೇಜು ಸರಿಸಿ, ಧೂಳು ಒರೆಸಿ, ಕೈಗೆ ಸಿಕ್ಕ ಎಕ್ಸ್‌ಟೆನ್ಷನ್ ಸೇರಿಸಿಕೊಂಡಿದ್ದನ್ನು ಆತ ಮರೆತೇಬಿಟ್ಟಿದ್ದ. ಅಪ್‌ಗ್ರೇಡ್ ಆದ ಮೇಲೆ ಕೆಟ್ಟಿತು ಎಂಬುದರಿಂದ ಅಪ್‌ಗ್ರೇಡ್‌ನಿಂದಲೇ ಕೆಟ್ಟಿತು ಎಂದಾಗುವುದಿಲ್ಲ. ಎಷ್ಟೋ ಸಲ ಹಾಗೂ ಆಗಿರುತ್ತದೆ, ಆದ್ದರಿಂದ ಈ ಮಾತನ್ನು ನಾನು ಸಿಪಿಯು ತೆರೆದು ನೋಡುವ ಮೊದಲು ಆಡುವುದಿಲ್ಲ.

ಪಿಎಲ್2303 ಪ್ರಕರಣ ಸ್ವಲ್ಪ ಬೇರೆ. ಈ ವಂಶದ ಎಚ್‌ಎಕ್ಸ್‌ಎ ಎಂಬ ಹಳೆಯ ಪೀಳಿಗೆಯನ್ನು ತಯಾರಕರು 2012ರಿಂದ ಕೈಬಿಟ್ಟಿದ್ದಾರೆ, ವಿಂಡೋಸ್ 8ರಿಂದ ಮುಂದಕ್ಕೆ ಅದಕ್ಕೆ ಬೆಂಬಲವಿಲ್ಲವೆಂದೂ ಹೇಳಿದ್ದಾರೆ. ಇದರ ಜೊತೆಗೆ ಮಾರುಕಟ್ಟೆಯಲ್ಲಿ ಅಸಲಿಯ ಸಂಖ್ಯೆಯನ್ನೇ ಹೇಳಿಕೊಳ್ಳುವ ನಕಲಿ ಚಿಪ್ಪುಗಳೂ ಧಾರಾಳವಾಗಿವೆ. ಹೊಸ ಡ್ರೈವರ್ ಇವನ್ನು ಗುರುತಿಸಿದರೆ ಕೋಡ್ 10 ತೋರಿಸಿ ಕೈಚೆಲ್ಲುತ್ತದೆ, ಇಲ್ಲವೇ ಸಾಧನದ ಹೆಸರಿನ ಜಾಗದಲ್ಲೇ "2012ರಿಂದ ಕೈಬಿಡಲಾಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ" ಎಂಬರ್ಥದ ಇಂಗ್ಲಿಷ್ ಸಾಲನ್ನು ಬರೆದುಬಿಡುತ್ತದೆ. ಅದನ್ನು ನೋಡಿದವರು ವೈರಸ್ ಎಂದು ಹೆದರುತ್ತಾರೆ. ವೈರಸ್ ಅಲ್ಲ, ನಿಷ್ಠುರವಾಗಿ ಹೇಳಿದ ಸತ್ಯ. ನಕಲಿಗಳ ಮೇಲಿನ ಇಂತಹ ಕೋಪ ಮಿತಿ ಮೀರಿದ್ದೂ ಉಂಟು. 2014ರಲ್ಲಿ ಎಫ್‌ಟಿಡಿಐ ಡ್ರೈವರ್ ನಕಲಿ ಚಿಪ್ಪುಗಳ ಪಿಐಡಿಯನ್ನೇ 0000 ಎಂದು ತಿದ್ದಿ ಬರೆದು ಅವು ಯಾವ ಕಂಪ್ಯೂಟರಿನಲ್ಲೂ ನಡೆಯದಂತೆ ಮಾಡಿತ್ತು, ಗದ್ದಲವಾದ ಮೇಲೆ ಅದನ್ನು ವಿಂಡೋಸ್ ಅಪ್‌ಡೇಟ್‌ನಿಂದ ತೆಗೆಯಬೇಕಾಯಿತು. ತಾನು ಕೊಂಡದ್ದು ನಕಲಿಯೆಂದು ಅರಿಯದ ಗಿರಾಕಿಗೆ ಅದರಿಂದಾದ ಶಿಕ್ಷೆ ನ್ಯಾಯವೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

ಕೋಡ್ 10 ಬಂದಾಗ, ಅಪ್‌ಡೇಟ್ ಡ್ರೈವರ್ ಆರಿಸಿ, ಕಂಪ್ಯೂಟರಿನಲ್ಲೇ ಇರುವ ಡ್ರೈವರ್‌ಗಳ ಪಟ್ಟಿಯನ್ನು ತೋರಿಸುವಂತೆ ಕೇಳಿ, ಅದರಲ್ಲಿ ಹಳೆಯ ತಾರೀಖಿನದು ಇದ್ದರೆ ಅದನ್ನು ಆರಿಸುವ ಉಪಾಯವೊಂದಿದೆ. ಅನೇಕ ಸಲ ಇದರಿಂದ ಕೆಲಸ ನಡೆದಿದೆ. ಆದರೆ ಮುಂದಿನ ಅಪ್‌ಡೇಟ್ ಬಂದಾಗ ಹೊಸದು ಮತ್ತೆ ಬಂದು ಕೂರುವ ಸಾಧ್ಯತೆ ಇರುವುದರಿಂದ, ದಿನಾ ಬೆಳಿಗ್ಗೆ ನಡೆಯಲೇಬೇಕಾದ ಕೆಲಸಕ್ಕೆ ನಾನು ಇದನ್ನು ನೆಚ್ಚುವುದಿಲ್ಲ. ಕೆಲವು ನೂರು ರೂಪಾಯಿಯ ಹೊಸ ಕೇಬಲ್ ತೆಗೆದುಕೊಳ್ಳಿ ಎಂದರೆ, ಅರವತ್ತು ಸಾವಿರದ ಕಂಪ್ಯೂಟರ್ ಕೊಂಡವರೂ ಚೌಕಾಸಿಗೆ ಇಳಿಯುತ್ತಾರೆ.

ಇನ್ನೊಂದು ಬಗೆಯ ತೊಂದರೆಯಲ್ಲಿ ಡ್ರೈವರ್‌ನ ತಪ್ಪು ಲವಲೇಶವೂ ಇರುವುದಿಲ್ಲ. ಹತ್ತಿರದ ಹಳ್ಳಿಯ ಡೇರಿಯ ಕಾರ್ಯದರ್ಶಿ ಬೆಳಿಗ್ಗೆ ಆರಕ್ಕೆ ಮೊದಲೇ ಫೋನ್ ಮಾಡಿದ್ದರು. ತಕ್ಕಡಿಯ ಮೇಲೆ ತೂಕ ಕಾಣುತ್ತಿದೆ, ಕಂಪ್ಯೂಟರಿನಲ್ಲಿ ಸೊನ್ನೆ ಬರುತ್ತಿದೆ, ಕ್ಯಾನು ಹಿಡಿದವರ ಸಾಲು ಬಾಗಿಲಾಚೆ ಬೆಳೆದಿದೆ, ಹಿಂದೆ ಯಾರೋ ಗೊಣಗುವುದು ನನಗೂ ಕೇಳಿಸುತ್ತಿದೆ. ಡಿವೈಸ್ ಮ್ಯಾನೇಜರ್ ತೆರೆಸಿದೆ; ಹಳದಿ ಗುರುತಿಲ್ಲ, ಕೇಬಲ್ ಆರೋಗ್ಯವಾಗಿದೆ, ಪಕ್ಕದಲ್ಲಿ ಕಾಮ್ 7 ಎಂದಿದೆ. ಕಾಮ್ ಎಂಬುದು ಇಂತಹ ಸೀರಿಯಲ್ ಸಾಧನಕ್ಕೆ ವಿಂಡೋಸ್ ಕೊಡುವ ಬಾಗಿಲ ಸಂಖ್ಯೆ. "ಈ ಕೇಬಲ್ ಮೊದಲು ಯಾವ ತೂತಿನಲ್ಲಿತ್ತು?" ಎಂದು ಕೇಳಿದೆ. "ಹಿಂದ್ಗಡೆ ಇತ್ತು ಸಾರ್, ಕೈಗೆ ಸಿಗಲ್ಲ ಅಂತ ಮುಂದ್ಗಡೆ ಚುಚ್ಚಿದೀನಿ" ಎಂದರು.

ಇಂತಹ ಅಗ್ಗದ ಕೇಬಲ್ಲುಗಳಲ್ಲಿ ಅನೇಕಕ್ಕೆ ಬಿಡಿ ಬಿಡಿಯಾದ ಸೀರಿಯಲ್ ಸಂಖ್ಯೆ ಇರುವುದಿಲ್ಲ. ಹೀಗಾಗಿ ವಿಂಡೋಸ್ ಅವುಗಳನ್ನು ಯಾವ ಕಿಂಡಿಯಲ್ಲಿವೆ ಎಂಬುದರಿಂದ ಗುರುತಿಸುತ್ತದೆ. ಕಿಂಡಿ ಬದಲಾದರೆ ಅದರ ದೃಷ್ಟಿಯಲ್ಲಿ ಹೊಸ ಸಾಧನವೇ ಬಂದಂತೆ, ಹೊಸ ಸಾಧನಕ್ಕೆ ಹೊಸ ಕಾಮ್ ಸಂಖ್ಯೆ. ಅಪ್‌ಗ್ರೇಡ್ ಮಾಡಿದಾಗಲೂ ಈ ಸಂಖ್ಯೆಗಳು ಅದಲು ಬದಲಾಗಬಹುದು. ಹಾಲಿನ ಲೆಕ್ಕದ ತಂತ್ರಾಂಶವೋ ಕಾಮ್ 3ರ ಬಾಗಿಲಲ್ಲೇ ಕಾದು ಕುಳಿತಿತ್ತು, ಅದರ ಪಟ್ಟಿಯಲ್ಲಿ 4ರಿಂದಾಚೆಗೆ ಸಂಖ್ಯೆಯೇ ಇರಲಿಲ್ಲ. ಕೇಬಲ್ಲನ್ನು ಹಿಂದಿನ ಕಿಂಡಿಗೆ ಹಾಕಿಸಿದರೂ ಕಾಮ್ 6 ಬಂದಿತು. ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಗುಂಡಿಯೊಳಗೆ ಹೋಗಿ 3ನ್ನು ಆರಿಸಲು ಹೇಳಿದಾಗ ಅದು ಬಳಕೆಯಲ್ಲಿದೆ ಎಂದು ತೋರಿಸಿತು. ವ್ಯೂ ಪಟ್ಟಿಯಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿಸಿದರೆ, ಹಿಂದೆಂದೋ ಚುಚ್ಚಿ ತೆಗೆದಿದ್ದ ಕೇಬಲ್ಲಿನ ಮಸುಕು ಗುರುತೊಂದು ಆ ಸಂಖ್ಯೆಯನ್ನು ಹಿಡಿದುಕೊಂಡು ಕೂತಿತ್ತು. ಅದನ್ನು ಅಳಿಸಿ, 3ನ್ನು ಇದಕ್ಕೆ ಕೊಟ್ಟು, ಕೇಬಲ್ಲನ್ನು ಒಮ್ಮೆ ಕಿತ್ತು ಚುಚ್ಚುವಷ್ಟರಲ್ಲಿ ಇಪ್ಪತ್ತು ನಿಮಿಷವಾಯಿತು. ಮೊದಲ ಕ್ಯಾನಿನ ತೂಕ ಪರದೆಯ ಮೇಲೆ ಮೂಡಿದಾಗ ಫೋನಿನಲ್ಲಿ ಕೇಳಿದ ಉದ್ಗಾರವನ್ನು ಇಲ್ಲಿ ಬರೆಯುವಂತಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡುವುದಕ್ಕೂ ಡ್ರೈವರ್ ತೆಗೆಯುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನೂ ಸೇರಿಸಬೇಕು. ಕೇಳುವ ಚೌಕದಲ್ಲಿ ಡ್ರೈವರನ್ನೂ ತೆಗೆಯುವ ಆಯ್ಕೆಗೆ ಗುರುತು ಹಾಕದಿದ್ದರೆ, ಅದು ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲೇ ಉಳಿದು, ಸಾಧನವನ್ನು ಮತ್ತೆ ಚುಚ್ಚಿದೊಡನೆ ಹಾಜರಾಗುತ್ತದೆ. ಹತ್ತು ಸಲ ಅನ್‌ಇನ್‌ಸ್ಟಾಲ್ ಮಾಡಿದೆ ಎನ್ನುವವರು ಹತ್ತು ಸಲವೂ ಅದೇ ಡ್ರೈವರನ್ನು ಮನೆಗೆ ಕರೆದಿರುತ್ತಾರೆ.

ಆಡಿಟರ್ ಕಚೇರಿಗಳವರಿಗೆ ಪ್ರತ್ಯೇಕವಾಗಿ ಒಂದು ವಿನಂತಿ. ಡಿಜಿಟಲ್ ಸಹಿಯ ಟೋಕನ್ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿಲ್ಲದೆ ಕಾಣುತ್ತಿದ್ದು, ತೆರಿಗೆ ತಾಣದಲ್ಲಿ ಮಾತ್ರ ಸಿಗುತ್ತಿಲ್ಲವೆಂದರೆ ಸಾಮಾನ್ಯವಾಗಿ ಅಪ್‌ಗ್ರೇಡ್‌ನಲ್ಲಿ ಹೋಗಿರುವುದು ಟೋಕನ್ ಜೊತೆಗಿನ ತಂತ್ರಾಂಶ. ಅದನ್ನು ಮತ್ತೆ ಹಾಕಿದರೆ ಸಾಕು. ಆತುರದಲ್ಲಿ ಟೋಕನ್ ಅನ್ನು ಇನಿಷಿಯಲೈಸ್ ಅಥವಾ ಫಾರ್ಮ್ಯಾಟ್ ಮಾಡಬೇಡಿ. ಒಳಗಿನ ಸಹಿ ಅಳಿಸಿಹೋದರೆ ಅದನ್ನು ಮರಳಿ ತರುವ ವಿದ್ಯೆ ನನ್ನಲ್ಲಿಲ್ಲ, ಹೊಸದನ್ನೇ ಮಾಡಿಸಬೇಕಾಗುತ್ತದೆ.

ಕೊನೆಯದಾಗಿ ಉಳಿಯುವುದು ನಿಜಕ್ಕೂ ಡ್ರೈವರ್ ಇಲ್ಲದ ಸಾಧನಗಳು. ವಿಂಡೋಸ್ 11ರಲ್ಲಿ 32 ಬಿಟ್ ಎಂಬ ಹಳೆಯ ಬಗೆಯ ಆವೃತ್ತಿಯೇ ಇಲ್ಲ, ಇರುವುದು 64 ಬಿಟ್ ಮಾತ್ರ, 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರನ್ನು ಯಾವ ಕಾರಣಕ್ಕೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಂತ್ರಾಂಶ 32 ಬಿಟ್‌ನದಾದರೂ ನಡೆಯುತ್ತದೆ, ಡ್ರೈವರ್ ನಡೆಯುವುದಿಲ್ಲ. ಈ ಭೇದವನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ವಿವರಿಸುತ್ತೇನೆ. 64 ಬಿಟ್‌ನ ಹಳೆಯ ಡ್ರೈವರ್ ಇದ್ದರೂ ಅದು ಅಸಲಿಯೆಂದು ದೃಢೀಕರಿಸುವ ಸರಿಯಾದ ಡಿಜಿಟಲ್ ಸಹಿ ಇಲ್ಲದಿದ್ದರೆ ಕೋಡ್ 52 ಬರುತ್ತದೆ. ಸಹಿ ತಪಾಸಣೆಯನ್ನು ಸ್ಟಾರ್ಟಪ್ ಪಟ್ಟಿಯಿಂದ ನಿಲ್ಲಿಸುವ ದಾರಿಯನ್ನು ಯೂಟ್ಯೂಬ್ ನೋಡಿ ಕಲಿತ ಹುಡುಗರು ರಾತ್ರಿ ಸಾಧನ ನಡೆಯಿತೆಂದು ಸಂಭ್ರಮಿಸಿ ಬೆಳಿಗ್ಗೆ ಪೆಚ್ಚಾಗುತ್ತಾರೆ, ಏಕೆಂದರೆ ಆ ವಿನಾಯಿತಿ ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ. ಕೋರ್ ಐಸೊಲೇಷನ್‌ನ ಮೆಮೊರಿ ಇಂಟಿಗ್ರಿಟಿ ಎಂಬ ಕಾವಲನ್ನು ತೆಗೆದರೆ ಕೆಲವು ಹಳೆಯ ಡ್ರೈವರ್‌ಗಳು ನಡೆಯುತ್ತವೆ ಎಂಬುದು ನಿಜ. ಬ್ಯಾಂಕಿನ ವ್ಯವಹಾರವೂ ನಡೆಯುವ ಕಂಪ್ಯೂಟರಿನಲ್ಲಿ ಮಾತ್ರ ನಾನು ಅದನ್ನು ತೆಗೆಯುವುದಿಲ್ಲ, ತೆಗೆಯಿರೆಂದು ಯಾರಿಗೂ ಹೇಳುವುದೂ ಇಲ್ಲ.

ಮಂಡಿಯೊಂದರ ವೇಬ್ರಿಡ್ಜ್‌ನಲ್ಲಿ ಇಂತಹದೇ ಸಾಧನವಿದೆ. ಅದನ್ನು ಮಾರಿದವರು ಅಂಗಡಿ ಮುಚ್ಚಿ ವರ್ಷಗಳಾಗಿವೆ, ಇರುವುದು 32 ಬಿಟ್ ಡ್ರೈವರ್ ಒಂದೇ, ಅದರ ಸಿ.ಡಿ.ಯನ್ನು ಯಜಮಾನರು ಗಲ್ಲಾಪೆಟ್ಟಿಗೆಯಲ್ಲಿ ನೋಟುಗಳ ಅಡಿ ಇಟ್ಟಿದ್ದಾರೆ. ಹೊಸ ಕಂಪ್ಯೂಟರನ್ನು ಬಿಲ್ಲಿಗೆ ಬಿಟ್ಟು, ವಿಂಡೋಸ್ 7ರ ಹಳೆಯದನ್ನು ಇಂಟರ್‌ನೆಟ್ ತಂತಿ ಕಿತ್ತು ತೂಕಕ್ಕೆ ಮಾತ್ರ ಮೀಸಲಿಟ್ಟೆ. ಪೆನ್‌ಡ್ರೈವ್ ಚುಚ್ಚದಂತೆ ಅದರ ಖಾಲಿ ಕಿಂಡಿಗಳಿಗೆ ಟೇಪು ಅಂಟಿಸಿದ್ದೇನೆ. ಲಾರಿ ಹತ್ತಿದಾಗಲೆಲ್ಲ ಅದು ಇನ್ನೂ ಚೀಟಿ ಮುದ್ರಿಸುತ್ತಿದೆ, ಹಾರ್ಡ್ ಡಿಸ್ಕ್ ಎಷ್ಟು ದಿನ ಬಾಳುತ್ತದೆಂದು ಯಜಮಾನರು ಕೇಳಿದಾಗ ಮಾತ್ರ ನಾನು ಖಚಿತ ಉತ್ತರ ಕೊಡುವುದಿಲ್ಲ.