ಗುಲಾಬಿ ನೀರು, ನೀಲಿ ಮೊಟ್ಟೆ

ನ್ಯೂಜೆರ್ಸಿಯ ಶಿಶುವಿಹಾರವೊಂದರಲ್ಲಿ ನಾಲ್ಕು ವರ್ಷದ ಮಕ್ಕಳ ಟೀಚರ್ ನಾನು. ಈಸ್ಟರ್ ಹತ್ತಿರ ಬಂದಾಗ ಇಲ್ಲಿನ ಕನ್ನಡದ ಅಮ್ಮಂದಿರು ಕೇಳುತ್ತಾರೆ: "ಮೊಟ್ಟೆಗೆ ಬಣ್ಣ ಹಚ್ಚಬೇಕಂತೆ, ಮನೇಲಿ ಹೇಗೆ ಮಾಡೋದು?" ಅಂಗಡಿಯ ಬಣ್ಣದ ಮಾತ್ರೆ ಐದೇ ನಿಮಿಷದಲ್ಲಿ ಹತ್ತುತ್ತದೆ. ಆದರೆ ನನ್ನ ಆಯ್ಕೆ ನೇರಳೆ ಎಲೆಕೋಸು. ಅದಕ್ಕೆ ಒಂದು ರಾತ್ರಿ ಬೇಕು. ಆ ಕಾಯುವಿಕೆಯೇ ಮಕ್ಕಳಿಗೆ ಹಬ್ಬ.

ಅರ್ಧ ಕೋಸು ಹೆಚ್ಚಿ, ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಪೂರ್ತಿ ಆರಿಸಿ. ಒಲೆಯ ಕೆಲಸ ದೊಡ್ಡವರದ್ದೇ. ಪ್ರತಿ ಕಪ್ಪಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕುವ ಕೆಲಸ ಮಾತ್ರ ಮಗುವಿಗೆ ಬಿಡಿ. ನೇರಳೆ ನೀರು ಕಣ್ಣೆದುರೇ ಗುಲಾಬಿಗೆ ತಿರುಗುತ್ತದೆ. ಬೇಯಿಸಿದ ಬಿಳಿ ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿ. ಸಿಪ್ಪೆ ತುಂಬ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಹುಳಿ ಸಿಪ್ಪೆಯನ್ನು ಚೂರು ಚೂರೇ ಕರಗಿಸುತ್ತಿದೆ, ಬಣ್ಣ ಹಿಡಿಯಲು ಜಾಗ ಸಿಗುತ್ತಿದೆ. ವಿನೆಗರ್ ಜಾಸ್ತಿಯಾದರೆ ಸಿಪ್ಪೆ ಒರಟಾಗುತ್ತದೆ, ಅಳತೆ ಮೀರಬೇಡಿ. ಪಾತ್ರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿರಲಿ.

ಬೆಳಿಗ್ಗೆ ಗುಲಾಬಿ ನೀರಿನಿಂದ ನೀಲಿ ಮೊಟ್ಟೆ ಹೊರಗೆ ಬರುತ್ತದೆ! ಕಳೆದ ವರ್ಷ ಒಬ್ಬ ಪುಟ್ಟ ಹುಡುಗ ಮೊಟ್ಟೆ ನೋಡಿ, ನೀರು ನೋಡಿ, "ಯಾರು ಬದಲಾಯಿಸಿದ್ದು?" ಎಂದು ಕೇಳಿದ. ಬದಲಾಯಿಸಿದ್ದು ಸಿಪ್ಪೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಓಕುಳಿ ಕೆಂಪಾಗುತ್ತದೆ, ಅಲ್ವಾ? ಮೊಟ್ಟೆಯ ಸಿಪ್ಪೆಯೂ ಸುಣ್ಣದ ಕಲ್ಲಿನ ಜಾತಿಯದೇ. ತನ್ನ ಮೈಗೆ ತಾಗಿದ ಹುಳಿಯನ್ನು ಅದು ಮುರಿಯುತ್ತದೆ. ಹುಳಿ ಹೋದ ಕಡೆ ಕೋಸಿನ ಬಣ್ಣ ನೀಲಿಗೆ ತಿರುಗುತ್ತದೆ. ಮಕ್ಕಳಿಗೆ ಆರತಿ ತಟ್ಟೆಯಲ್ಲೂ ಇದನ್ನು ಮಾಡಿ ತೋರಿಸಿ.

ಈರುಳ್ಳಿ ಸಿಪ್ಪೆ ಕುದಿಸಿದ ನೀರಿನಲ್ಲಿ ಕಿತ್ತಳೆಯಿಂದ ಇಟ್ಟಿಗೆಗೆಂಪಿನವರೆಗೆ ಬಣ್ಣ ಬರುತ್ತದೆ. ಗ್ರೀಸಿನಲ್ಲಿ ಈಸ್ಟರ್‌ಗೆ ಮೊದಲಿನ ಗುರುವಾರ ಮೊಟ್ಟೆಗಳಿಗೆ ಕೆಂಪು ಹಚ್ಚುವ ರೂಢಿಯಿದೆ, ಅಲ್ಲಿ ಎಷ್ಟೋ ಮನೆಗಳಲ್ಲಿ ಈಗಲೂ ಇದೇ ಸಿಪ್ಪೆ ಬಳಸುತ್ತಾರೆ. ಅರಿಶಿನದ್ದು ಹಳದಿ, ಹೇಳಬೇಕಿಲ್ಲ. ಬೀಟ್‌ರೂಟ್ ನನಗೆ ಅಷ್ಟು ಹಿಡಿಸಿಲ್ಲ, ಒಣಗಿದ ಮೇಲೆ ಮಂಕಾಗುತ್ತದೆ. ಮನೆಯಲ್ಲಿ ಉಳಿದ ಹೋಳಿ ಬಣ್ಣ ಮಾತ್ರ ಖಂಡಿತ ಬೇಡ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಬೇಯಿಸಿದ ಮೊಟ್ಟೆ ಫ್ರಿಜ್ಜಿನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ತಿನ್ನಬಾರದು. ಆಟಕ್ಕೆ, ಅಲಂಕಾರಕ್ಕೆ ಇಟ್ಟದ್ದು ಬೇರೆ, ತಿನ್ನುವುದು ಬೇರೆ ಎಂದು ಮೊದಲೇ ವಿಂಗಡಿಸಿ. ತಿನ್ನುವುದನ್ನು ಒಂದು ವಾರದೊಳಗೆ ಮುಗಿಸಿ. ಬಿರುಕು ಬಿಟ್ಟದ್ದು ಅಲಂಕಾರದ ಬುಟ್ಟಿಗೆ ಹೋಗಲಿ. ಮೊಟ್ಟೆ ಅಲರ್ಜಿ ಇರುವ ಮಗು ಬಂದರೆ ನಾವು ಎಲ್ಲರ ಕೈಗೂ ಮರದ ಮೊಟ್ಟೆಯನ್ನೇ ಕೊಡುತ್ತೇವೆ. ಆ ಮಗು ಒಂಟಿಯಾಗಿ ಮೂಲೆಯಲ್ಲಿ ಕೂರಬಾರದು.

ಬಣ್ಣ ಒಣಗಿದ ಮೇಲೆ ಒಂದು ಹನಿ ಅಡುಗೆ ಎಣ್ಣೆ ಸವರಿ. ಪುಟ್ಟ ಬೆರಳುಗಳಿಗೆ ಈ ಕೆಲಸ ತುಂಬ ಇಷ್ಟ. ಮಂಕು ನೀಲಿ ಹೊಳೆಯತೊಡಗುತ್ತದೆ, ಅಲ್ಲಲ್ಲಿ ಬೆರಳಚ್ಚು ಉಳಿಯುತ್ತದೆ. ಅದನ್ನು ಒರೆಸಬೇಡಿ.