ಚಿತ್ರದ ಮುಂದೆ ಕೇಳಬಾರದ ಪ್ರಶ್ನೆ

2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದ ವಿಷಯವನ್ನು ನನ್ನ ಬಳಿ ಬರುವ ಹೆಚ್ಚಿನ ಕುಟುಂಬಗಳಿಗೆ ಹೇಳುತ್ತೇನೆ. ಮನೋವಿಜ್ಞಾನಿ ಆಂಡ್ರಿಯಾ ಹಾಲ್ಪರ್ನ್ ಮತ್ತು ಸಂಗಡಿಗರು ಆಲ್ಝೈಮರ್ ಕಾಯಿಲೆ ಇರುವವರ ಮುಂದೆ ವರ್ಣಚಿತ್ರಗಳ ಪೋಸ್ಟ್‌ಕಾರ್ಡುಗಳನ್ನು ಹರಡಿ, ಹೆಚ್ಚು ಇಷ್ಟವಾದದ್ದು ಮೊದಲು, ಇಷ್ಟವಾಗದ್ದು ಕೊನೆಗೆ ಬರುವಂತೆ ಜೋಡಿಸಲು ಹೇಳಿದರು. ಎರಡು ವಾರ ಬಿಟ್ಟು ಅವೇ ಕಾರ್ಡುಗಳನ್ನು ಮತ್ತೆ ಕೊಟ್ಟರು. ಹಿಂದೆ ನೋಡಿದ್ದ ಕಾರ್ಡುಗಳು ಯಾವುವೆಂದು ಗುರುತಿಸಲು ಅವರಿಗೆ ಆಗಲಿಲ್ಲ. ಆದರೆ ಜೋಡಿಸಿದ ಸಾಲು ಹೆಚ್ಚುಕಡಿಮೆ ಮೊದಲಿನದೇ ಆಗಿತ್ತು. ಕಾಯಿಲೆಯಿಲ್ಲದ ಹಿರಿಯರ ಆಯ್ಕೆಯಷ್ಟೇ ಸ್ಥಿರವಾಗಿತ್ತು. ಚಿತ್ರ ಮರೆತಿತ್ತು, ಅಭಿರುಚಿ ಉಳಿದಿತ್ತು.

ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿಯಾಗಿ/ಚಿಕಿತ್ಸಕನಾಗಿ, ಹಿರಿಯರೊಂದಿಗೆ ಕೆಲಸ ಮಾಡುತ್ತೇನೆ. ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಶಿಯಾ (ಆಲ್ಝೈಮರ್ ಅದರ ಒಂದು ಬಗೆ) ಇರುವವರ ಮನೆಯವರು ನನ್ನನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಸ್ನಾನ, ಊಟ, ನಿದ್ದೆಯ ತೊಂದರೆಗಳಿಗಾಗಿ. ವರ್ಣಚಿತ್ರ ನೋಡಲು ಕರೆದುಕೊಂಡು ಹೋಗಿ ಎಂದು ಹೇಳಿದರೆ ಹಲವರ ಮುಖದಲ್ಲಿ ನಿರಾಸೆ ಕಾಣುತ್ತದೆ. ‘ಅವರಿಗೆ ಏನು ತಿಳಿಯುತ್ತದೆ?’ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಇಷ್ಟು ಜನರ ಹಗಲುಗಳನ್ನು ಮಾತ್ರೆ ಮತ್ತು ಟೀವಿಯ ನಡುವೆ ಕಳೆಯಲು ಬಿಡುವುದನ್ನು ನಾನು ಒಪ್ಪುವುದಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 2006ರಲ್ಲಿ ಇಂಥವರಿಗಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿತು. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಹೊತ್ತಿನಲ್ಲಿ ಸಣ್ಣ ಗುಂಪುಗಳು, ಜೊತೆಗೆ ಆರೈಕೆ ಮಾಡುವವರು, ಒಂದೂವರೆ ಗಂಟೆಯಲ್ಲಿ ನಾಲ್ಕೈದು ಕೃತಿಗಳು ಮಾತ್ರ. ಮಾರ್ಗದರ್ಶಕರು ಉಪನ್ಯಾಸ ಕೊಡುವುದಿಲ್ಲ. ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿ, ಅದರಿಂದ ಮುಂದಿನ ಮಾತಿಗೆ ದಾರಿ ಮಾಡುತ್ತಾರೆ. ನಾನು ಅನುಸರಿಸುವ ಕ್ರಮಕ್ಕೂ ಇದೇ ಆಧಾರ. ನಮ್ಮ ಹಿರಿಯರಿಗೆ ಮೂರು ಕೃತಿಗಳೇ ಸಾಕು ಎಂಬುದು ಅನುಭವದಿಂದ ಕಲಿತದ್ದು.

ಇಡೀ ವಿಷಯ ನಿಂತಿರುವುದು ನಾವು ಕೇಳುವ ಪ್ರಶ್ನೆಯ ಮೇಲೆ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ ಕಲಾವಿದ ಹಾಲ್ದಣ್‌ಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರ ಮೈಸೂರಿನವರಿಗೆ ಚಿರಪರಿಚಿತ. ಅದರ ದೊಡ್ಡ ಪ್ರತಿಯೊಂದನ್ನು ಗುಂಪಿನ ಮುಂದೆ ಇಟ್ಟ ಕೂಡಲೇ ಮಗಳೋ ಸೊಸೆಯೋ ಕೇಳುವುದು ಇದನ್ನೇ: ‘ಅಮ್ಮಾ, ಇದು ನೆನಪಿದೆಯಾ? ಎಲ್ಲಿ ನೋಡಿದ್ದೆವು ಹೇಳಿ.’ ಅಮ್ಮ ಸುಮ್ಮನಾಗುತ್ತಾರೆ, ಸೆರಗಿನ ತುದಿ ತಿರುಚುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರ ಸರಿ; ಆ ಉತ್ತರ ಇರಬೇಕಾದ ಜಾಗಕ್ಕೇ ಕಾಯಿಲೆ ಕೈ ಹಾಕಿದೆ. ಅದರ ಬದಲು ‘ಈ ಹೆಂಗಸು ಏನು ಮಾಡುತ್ತಿದ್ದಾಳೆ ಅನ್ನಿಸುತ್ತದೆ?’ ಎಂದು ಕೇಳಿ, ಸ್ವಲ್ಪ ಹೊತ್ತು ಕಾಯಬೇಕು. ಆ ಮೌನ ನಮಗೆ ಅಸಹನೀಯವಾಗುವಷ್ಟು ಉದ್ದವಾಗಬಹುದು, ಆದರೂ ಕಾಯಬೇಕು. ‘ಕರೆಂಟು ಹೋಗಿರಬೇಕು’ ಎಂದು ಒಬ್ಬ ಅಜ್ಜಿ ಹೇಳಿದರು. ನಾನು ಅದನ್ನೇ ಎತ್ತಿಕೊಂಡು, ‘ಕರೆಂಟು ಹೋಗಿರಬೇಕು ಅನ್ನುತ್ತಾರೆ. ಹಾಗಾದರೆ ಎಲ್ಲಿಗೆ ಹೊರಟಿದ್ದಾಳೆ?’ ಎಂದೆ. ‘ಮಗು ಎದ್ದಿದೆ’ ಎಂದರು ಇನ್ನೊಬ್ಬರು. ಮಾತು ಕಡಿಮೆಯಾಗಿದ್ದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಅಂಗೈಯನ್ನು ಬಟ್ಟಲಿನಂತೆ ಮಾಡಿ ಗಾಳಿಗೆ ಅಡ್ಡ ಹಿಡಿದರು. ಚಿತ್ರದಲ್ಲಿ ದೀಪಕ್ಕೆ ಅಡ್ಡವಾಗಿರುವ ಕೈಯನ್ನು ಅವರಷ್ಟು ಗಮನವಿಟ್ಟು ನಾವು ಯಾರೂ ನೋಡಿರಲಿಲ್ಲ. ಇಲ್ಲಿ ತಪ್ಪು ಉತ್ತರವೆಂಬುದಿಲ್ಲ. ಚಿತ್ರ ಬರೆದವರು ಯಾರು, ರೂಪದರ್ಶಿಯಾಗಿ ನಿಂತದ್ದು ಅವರ ಮಗಳೇ ಎಂಬ ವಿವರಗಳನ್ನು ಆಮೇಲೆ ಹೇಳಬಹುದು. ಹಾಗೆ ಹೇಳಿದಾಗ ಅವರು ಖುಷಿಯಿಂದ ಕೇಳಿಸಿಕೊಳ್ಳುತ್ತಾರೆ.

ಮನೆಗೆ ಹೋಗುವಷ್ಟರಲ್ಲಿ ಎಲ್ಲ ಮರೆತಿರುತ್ತಾರಲ್ಲ, ಏನು ಪ್ರಯೋಜನ ಎಂಬುದು ಮನೆಯವರ ಮುಂದಿನ ಪ್ರಶ್ನೆ. ಆಲ್ಝೈಮರ್‌ನಲ್ಲಿ ಮೊದಲು ಹಾನಿಗೊಳ್ಳುವ ಮೆದುಳಿನ ಭಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಹೊಸ ಘಟನೆಗಳನ್ನು ನೆನಪಾಗಿ ಉಳಿಸುವುದು ಅದರ ಕೆಲಸ. ಘಟನೆ ಎಬ್ಬಿಸಿದ ಭಾವ ಅದನ್ನೊಂದೇ ನಂಬಿಕೊಂಡಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದ್ದರು. ನೋಡಿದ್ದನ್ನು ಬೇಗನೆ ಮರೆತರೂ ಆ ದುಃಖ, ಆ ಸಂತೋಷ ಅವರಲ್ಲಿ ಹಾಗೆಯೇ ಮುಂದುವರಿಯಿತು. ಬೆಳಿಗ್ಗೆ ಗ್ಯಾಲರಿಗೆ ಹೋದ ದಿನ ಮಧ್ಯಾಹ್ನ ಊಟದ ಹಟ ಕಡಿಮೆಯಿತ್ತು ಎಂದು ಮನೆಯವರು ಹೇಳಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಬೈಸಿಕೊಂಡದ್ದರ ಕಾರಣ ಮರೆತರೂ ಬೇಸರ ಉಳಿಯುತ್ತದೆ ಎಂಬುದೂ ಅಷ್ಟೇ ನಿಜ.

ಕೈಯ ಕಸುಬಿನ ನೆನಪು ಮೆದುಳಿನ ಬೇರೆ ಭಾಗಗಳಲ್ಲಿದೆ, ಸಾಮಾನ್ಯವಾಗಿ ತಡವಾಗಿ ಕುಂದುತ್ತದೆ. ಆದ್ದರಿಂದ ಚಿತ್ರಕ್ಕಿಂತ ವಸ್ತು ಹತ್ತಿರವಾಗುವವರು ನಮ್ಮಲ್ಲಿ ಬಹಳ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಅಡುಗೆಮನೆಯ ಮತ್ತು ಬೇಸಾಯದ ಸಲಕರಣೆಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ನೋಡಬೇಕು, ಮುಟ್ಟಲು ನಮ್ಮ ಅಟ್ಟದಿಂದಲೇ ಮೊರ, ಸೇರು, ಕಡಗೋಲು ಇಳಿಸಿಕೊಳ್ಳಬೇಕು. ಮೊರದಲ್ಲಿ ಎರಡು ಹಿಡಿ ರಾಗಿ ಹಾಕಿ ಕೈಗೆ ಕೊಟ್ಟರೆ, ಮಾತೇ ಆಡದವರ ಮಣಿಕಟ್ಟು ಕೇರುವ ಲಯಕ್ಕೆ ಬರುವುದನ್ನು ನೋಡಿದ್ದೇನೆ. ಆದರೆ ಹಳೆಯ ವಸ್ತುವೆಲ್ಲ ಎಲ್ಲರಿಗೂ ಹಿತವಲ್ಲ. ಬೇರೆಯವರ ಮನೆಯಲ್ಲಿ ಬಾಲ್ಯವಿಡೀ ರಾಗಿ ಬೀಸಿದ ಒಬ್ಬ ಹೆಂಗಸು ಬೀಸುವ ಕಲ್ಲನ್ನು ಕಂಡೊಡನೆ ಮುಖ ತಿರುಗಿಸಿದರು. ಕಲ್ಲನ್ನು ಕೂಡಲೇ ಬೇರೆ ಕೋಣೆಗೆ ಸಾಗಿಸಿದೆವು. ಅವರ ಕಥೆ ತಿಳಿಯದೆ ವಸ್ತು ಆರಿಸಬಾರದು.

ಕಾಯಿಲೆಯ ಬಗೆಯನ್ನೂ ತಿಳಿದಿರಬೇಕು. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣುವುದುಂಟು; ಅವರಿಗೆ ಕತ್ತಲ ಹಿನ್ನೆಲೆಯ ಮುಖಚಿತ್ರಗಳು ಭಯ ಹುಟ್ಟಿಸಬಹುದು. ಕಪ್ಪು ಕಾಲೊರಸು ಗುಂಡಿಯಂತೆ ಕಾಣಿಸಿ ಕೆಲವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ನಾವು ಅದನ್ನು ಹಟವೆಂದುಕೊಳ್ಳುತ್ತೇವೆ. ಗಾಜಿನ ಮೇಲಿನ ಪ್ರತಿಫಲನವೂ ಹೀಗೆಯೇ ಗೊಂದಲ ಹುಟ್ಟಿಸಬಹುದು. ಕನ್ನಡಕ, ಶ್ರವಣಸಾಧನ ಮರೆಯಬೇಡಿ. ಸಂಜೆಯ ಹೊತ್ತಿಗೆ ಗಲಿಬಿಲಿ ಹೆಚ್ಚುವುದರಿಂದ ತಿಂಡಿಯ ನಂತರದ ಬೆಳಗೇ ಒಳ್ಳೆಯದು.

ಚಿತ್ರ, ವಸ್ತುಗಳ ಈ ಒಡನಾಟದಿಂದ ಕಾಯಿಲೆ ನಿಧಾನವಾಗುತ್ತದೆ ಎಂದು ಯಾರಾದರೂ ಹೇಳಿ ಹಣ ಕೇಳಿದರೆ ಕೊಡಬೇಡಿ. ಆರ್ಟ್ ಥೆರಪಿಯ, ಅಂದರೆ ಕಲೆಯ ಮೂಲಕ ಕೊಡುವ ಚಿಕಿತ್ಸೆಯ ಬಗ್ಗೆ, ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಗೆ ಅದರ ಮಾನದಂಡಕ್ಕೆ ಹೊಂದುವ ಹೋಲಿಕೆ ಪ್ರಯೋಗಗಳು ಎರಡೇ ಸಿಕ್ಕಿದ್ದವು. ಅವುಗಳಿಂದ ಗಟ್ಟಿಯಾದ ತೀರ್ಮಾನ ಬರಲಿಲ್ಲ. ನಾನು ಭರವಸೆ ಕೊಡುವುದು ಒಂದು ಒಳ್ಳೆಯ ಬೆಳಗಿಗೆ ಮಾತ್ರ, ಅದು ಆರೈಕೆ ಮಾಡುವವರಿಗೂ ಸೇರಿದ್ದು. ತಂದೆಯನ್ನು ರೋಗಿಯಾಗಿಯೇ ಕಾಣುತ್ತಿದ್ದ ಮಗ, ಚಿತ್ರವೊಂದರ ಬಗ್ಗೆ ಅಪ್ಪ ತನಗೆ ಎದುರಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡದ್ದಿದೆ.

ಗ್ಯಾಲರಿಗೆ ಹೋಗಲಾಗದವರು ಹಳೆಯ ಕ್ಯಾಲೆಂಡರಿನ ಒಂದು ಚಿತ್ರದಿಂದ ಆರಂಭಿಸಬಹುದು. ರಂಗೋಲಿ ಬಿಡಿಸುತ್ತಿದ್ದವರಿಗೆ ಚುಕ್ಕಿಗಳ ಲೆಕ್ಕ ತಪ್ಪುತ್ತದೆ, ಬೇಸರವಾಗುತ್ತದೆ. ಚುಕ್ಕಿ ಬಿಟ್ಟು ಬಳ್ಳಿ, ಹೂವುಗಳನ್ನು ಎಳೆಯಲು ಹಿಟ್ಟು ಕೊಡಿ. ಎಳೆ ವಕ್ರವಾದರೆ ನೀವು ತಿದ್ದಬೇಡಿ.

ನಮ್ಮ ಸಂಗ್ರಹಾಲಯಗಳಿಂದ ನಾನು ಬಯಸುವುದು ದೊಡ್ಡ ಯೋಜನೆಯನ್ನಲ್ಲ. ಚಿತ್ರದ ಎದುರು ಬೆನ್ನಿಗೆ ಆಸರೆಯಿರುವ ನಾಲ್ಕು ಕುರ್ಚಿ, ಹತ್ತಿರದಲ್ಲಿ ಶೌಚಾಲಯ, ತಿಂಗಳಿಗೊಮ್ಮೆ ಶಾಲಾ ಮಕ್ಕಳ ತಂಡಗಳಿಲ್ಲದ ಒಂದು ಗಂಟೆ, ‘ಬೇಗ ಬೇಗ ಮುಂದೆ ನಡೆಯಿರಿ’ ಎನ್ನದ ಕಾವಲುಗಾರರು. ಅಲ್ಲಿಯವರೆಗೆ, ಹೋಗುವುದಕ್ಕೆ ಒಂದು ವಾರ ಮೊದಲು ಮೇಲ್ವಿಚಾರಕರನ್ನು ಕಂಡು ಎಷ್ಟು ಜನ, ಎಷ್ಟು ಹೊತ್ತು, ಯಾವ ಮೂರು ಕೃತಿಗಳು ಎಂದು ತಿಳಿಸಿ ಬನ್ನಿ.