ಎರಡು ಗುಂಡಿನೂ ಒಟ್ಟಿಗೆ ತೆರೀಬ್ಯಾಡ್ರಪ್ಪಾ

ಜಗಳೂರು, ಚಳ್ಳಕೆರೆ ಕಡೆ ಹಳ್ಳಿಗೆ ಟಾಯ್ಲೆಟ್ ಇನ್ಸ್‌ಪೆಕ್ಷನ್ ಅಂತ ಹೋದ್ರೆ ನಾನು ಬಾಗ್ಲು ತೆಗೆದು ನೋಡಲ್ಲ, ಸೀದಾ ಹಿಂದೆ ಹೋಗಿ ಚೇಂಬರ್ ಮುಚ್ಚಳ ಎತ್ತಿಸ್ತೀನಿ. ಚೇಂಬರ್ ಅಂದ್ರೆ ಟಾಯ್ಲೆಟ್ ಪೈಪು ಎರಡು ಇಂಗುಗುಂಡಿ ಕಡೆ ಕವಲಾಗೋ ಸಣ್ಣ ತೊಟ್ಟಿ. ಎಷ್ಟೋ ಕಡೆ ಎರಡು ಗುಂಡಿಗೂ ಪೈಪ್ ಓಪನ್, ಇಲ್ಲಾಂದ್ರೆ ಒಂದು ತುಂಬಿ ಇನ್ನೊಂದಕ್ಕೆ ಹರಿಯೋ ಹಂಗೆ ಜೋಡಿಸಿರ್ತಾರೆ. ಕೇಳಿದ್ರೆ ಮೇಸ್ತ್ರಿ "ಕೆಪಾಸಿಟಿ ಜಾಸ್ತಿ ಆಗ್ಲಿ ಅಂತ ಸರ" ಅಂತಾನೆ.

ಅಲ್ಲಪ್ಪಾ, ಎರಡನೇ ಗುಂಡಿ ಇರೋದು ಕೆಪಾಸಿಟಿಗಲ್ಲ, ಒಂದು ಕೆಲ್ಸ ಮಾಡುವಾಗ ಇನ್ನೊಂದು ಸುಮ್ನೆ ಇರ್ಬೇಕು. ಐದಾರು ಜನರ ಮನೆಗೆ ಒಂದು ಗುಂಡಿ ತುಂಬೋಕೆ ಸುಮಾರು ಮೂರು ವರ್ಷ, ಮಣ್ಣು ನೋಡ್ಕೊಂಡು ಹೆಚ್ಚುಕಮ್ಮಿ ಆಗುತ್ತೆ. ತುಂಬಿದ್ಮೇಲೆ ಚೇಂಬರ್‌ನಲ್ಲಿ ಆ ಕಡೆ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ, ಈ ಕಡೇದು ಬಿಡೋದು, ಅಷ್ಟೇ. ಮುಚ್ಚಿದ್ದಕ್ಕೆ ಒಂದು ತೊಟ್ಟು ನೀರೂ ಹೋಗದೆ ಒಂದೆರಡು ವರ್ಷ ಬಿಟ್ರೆ ವಾಸನೆ ಇಲ್ದಿರೋ ಪುಡಿ ಗೊಬ್ಬರ. 2017ರಲ್ಲಿ ಕೇಂದ್ರದ ಕುಡಿಯುವ ನೀರು-ನೈರ್ಮಲ್ಯ ಸೆಕ್ರೆಟರಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಲಿ ತಾವೇ ಗುಂಡಿಗಿಳಿದು ಇದನ್ನ ತೆಗೆದು ತೋರಿಸಿದ್ರು. ಎರಡೂ ಓಪನ್ ಬಿಟ್ರೆ ಎರಡೂ ಹಸಿ, ಆಮೇಲೆ ಸಕ್ಕಿಂಗ್ ಗಾಡಿನೇ ಗತಿ, ಅದು ಸಿಗ್ಲಿಲ್ಲ ಅಂತ ಯಾರನ್ನಾದ್ರೂ ಇಳಿಸಿದ್ರೆ ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೇಲಿ ಅಪರಾಧ.

ಸ್ವಚ್ಛ ಭಾರತದ 12,000 ರೂಪಾಯಿಲಿ ಮೂರಡಿ ಚಿಲ್ಲರೆ ಅಗಲ, ನಾಲ್ಕಡಿ ಆಳದ ಇಂಥ ಗುಂಡಿ ಮಾಡ್ಸಿದ್ರೇನೇ ಲೆಕ್ಕ ಕೂಡೋದು. ಒಬ್ರು ಯಜಮಾನ್ರು "ಇದು ಮೂರು ತಿಂಗ್ಳಿಗೆ ತುಂಬ್ತೈತೆ" ಅಂತ ಸಾಲ ಮಾಡಿ ಹನ್ನೆರಡು ಅಡಿ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸಿದ್ರು, ಗುಂಡಿಗೇ ದುಡ್ಡು ಮುಗ್ದು ಟಾಯ್ಲೆಟ್ ಬಾಗ್ಲಿಗೆ ಹಳೇ ಸೀರೆ. "ಬಂದೋರಿಗೆಲ್ಲ ಗುಂಡಿ ತೋರಿಸ್ತಾರ್ ಸರ, ಬಾಗ್ಲ ಮಾತ್ರ ಹಾಕ್ಸಲ್ಲ" ಅಂತ ಸೊಸೆ ಒಳಗಿಂದಾನೇ ಹೇಳಿದ್ಲು.

ಬಿಲ್ಲಿಗೆ ಫೋಟೋ ಹೊಡೆಯೋರು ರೂಮಿಂದು ಹೊಡೀತಾರೆ, ಚೇಂಬರಿಂದು ಯಾರೂ ಹೊಡೆಯಲ್ಲ. 15ನೇ ಹಣಕಾಸು ಆಯೋಗ 2021-26ಕ್ಕೆ ಪಂಚಾಯ್ತಿಗೆ ಕೊಟ್ಟ ಅನುದಾನದಲ್ಲಿ ಶೇ 60 ನೀರು-ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದು, ಅದ್ರಲ್ಲಿ ಅರ್ಧ ನೈರ್ಮಲ್ಯದ್ದು. ಚರಂಡಿ ಒಂದನ್ನೇ ಬರೀಬೇಡಿ, ಚೇಂಬರ್ ರಿಪೇರಿನೂ ನಿಯಮ ನೋಡಿ ಆಕ್ಷನ್ ಪ್ಲಾನ್‌ಗೆ ಸೇರಿಸಿ ಅಂತ ಪಿಡಿಒಗಳಿಗೆ ಹೇಳ್ತಾನೇ ಇದ್ದೀನಿ.

ಹಂಗಂತ ಎಲ್ಲ ಕಡೆ ಒಂದೇ ಅಳತೆ ನಡೆಯಲ್ಲ. ಎರೆ ಭೂಮಿಲಿ ನೀರು ಬೇಗ ಇಂಗಲ್ಲ, ಗುಂಡಿ ದೊಡ್ಡದು ಬೇಕಾಗ್ಬೋದು; ಬಂಡೆ ಸಿಕ್ಕಿದ್ರೆ, ಬೋರು-ಬಾವಿ ಹತ್ರ ಇದ್ರೆ ಇಂಜಿನಿಯರ್‌ಗೆ ತೋರಿಸ್ದೆ ತೆಗೀಬ್ಯಾಡಿ.

ಮೊನ್ನೆ ಒಬ್ಬ ಮೇಸ್ತ್ರಿ ಇದೆಲ್ಲಾ ತಲೆಯಾಡಿಸ್ಕೊಂಡು ಕೇಳಿ, "ಹಂಗಾರೆ ಗ್ಯಾಸ್ ಪೈಪ್ ಯಾವ ಗುಂಡಿಗೆ ಇಡ್ಲಿ ಸರ?" ಅಂದ. ಯಾವ್ದಕ್ಕೂ ಬ್ಯಾಡ ಮಾರಾಯಾ, ಗ್ಯಾಸು ಸುತ್ತಲಿನ ಮಣ್ಣಿಗೇ ಹೋಗುತ್ತೆ.